ಗೌತಮನ ಪಾಲಿನ ಹಾಲು

ನವಲಿಯಲ್ಲಿ ಅಮಾವಾಸ್ಯೆ ಇಂದೋ ನಾಳೆಯೋ ಎಂಬ ತಕರಾರು ಎದ್ದರೆ ಜನ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ, ಆಮೇಲೆ ಫಕೀರಮ್ಮನ ಮುಖ ನೋಡುತ್ತಾರೆ. ಫಕೀರಮ್ಮನಿಗೆ ಓದಲು ಬರುವುದಿಲ್ಲ. ಆದರೆ ಯಾವ ವಾರ ಯಾವ ದೇವರ ಒಪ್ಪತ್ತು, ಯಾವ ಏಕಾದಶಿಗೆ ಅನ್ನ ಮುಟ್ಟಬಾರದು, ಯಾವ ಹುಣ್ಣಿಮೆಗೆ ಹೋಳಿಗೆ, ಯಾವ ಅಮಾವಾಸ್ಯೆಗೆ ಕಡಬು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹಾಗಂತ ಅವಳ ಲೆಕ್ಕ ತಪ್ಪುವುದೇ ಇಲ್ಲ ಎಂದಲ್ಲ. ಒಂದು ವರ್ಷ ಸೀಗಿ ಹುಣ್ಣಿಮೆಯನ್ನು ಒಂದು ದಿನ ಮೊದಲೇ ಓಣಿಗೆಲ್ಲ ಮಾಡಿಸಿಬಿಟ್ಟಳು. ಸಂಜೆ ಚಂದ್ರ ಒಂದು ಮಗ್ಗುಲು ಸವೆದಂತೆ ಮೂಡಿದ್ದನ್ನು ಎಲ್ಲರೂ ಕಂಡರು. "ಮೋಡ ಅಡ್ಡ ಬಂದೈತಿ, ಅದಕ ಹಂಗ ಕಾಣ್ತಾನ" ಎಂದು ಸಾಧಿಸಿ, ಚಂದ್ರನ ಮೇಲೇ ತಪ್ಪು ಹೊರಿಸಿ ಒಳಗೆ ಹೋದಳು.

ಗಂಡ ಹೊಳಿಯಪ್ಪ ಊಟದ ಮನುಷ್ಯ. ಶ್ರಾವಣ ಸೋಮವಾರ ಹೆಂಡತಿ ಹೊತ್ತು ಮುಳುಗುವ ತನಕ ಒಲೆಯನ್ನೇ ಹಚ್ಚದಿದ್ದಾಗ ಅವನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು, ಬಾಯಿ ಒರೆಸಿಕೊಂಡು ಬಂದು, ಕಟ್ಟೆಯ ಮೇಲೆ ಕುಳಿತು ಉಪವಾಸದವನಂತೆ ನಿಟ್ಟುಸಿರು ಬಿಡುತ್ತಿದ್ದ. "ಉಪಾಸ ಇದ್ದವರ ಬಾಯಾಗ ಉಳ್ಳಾಗಡ್ಡಿ ವಾಸನಿ ಹೆಂಗ ಬರತೈತ್ರಿ?" ಎಂದು ಅವಳು ಕೇಳಿದರೆ ಅವನು ನಕ್ಕುಬಿಡುತ್ತಿದ್ದ. ಕಾಮಾಲೆ ಬಂದು ಅವನು ಹೋದಾಗ ಮಗ ಗೌತಮ ಇನ್ನೂ ಸಾಲಿ ಕಲಿಯುತ್ತಿದ್ದ. ಫಕೀರಮ್ಮ ಸೆರಗು ಸಿಕ್ಕಿಸಿಕೊಂಡು ಗದ್ದೆಗೆ ಇಳಿದಳು. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳಾದಳು. ಬಾಗಿದ ಬೆನ್ನು ನೆಟ್ಟಗಾಗದಿದ್ದರೂ ಒಂದು ವ್ರತ ಬಿಡಲಿಲ್ಲ, ಒಂದು ವಾರ ಮುರಿಯಲಿಲ್ಲ. ಮನೆಯನ್ನು ಕಾಯುತ್ತಿರುವುದು ತನ್ನ ಹಸಿವೇ ಎಂದು ಅವಳು ನಂಬಿದ್ದಳು.

ಎಲ್ಲ ಹಬ್ಬಕ್ಕಿಂತ ಅವಳಿಗೆ ದೊಡ್ಡದು ನಾಗರ ಪಂಚಮಿ. ಈ ಸೀಮೆಯಲ್ಲಿ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ, ಮರಕ್ಕೆ ಜೋಕಾಲಿ ಬೀಳುತ್ತದೆ, ಎಳ್ಳುಂಡಿ ಶೇಂಗಾ ಉಂಡಿ ಡಬ್ಬಿ ತುಂಬುತ್ತವೆ. ಆದರೆ ಫಕೀರಮ್ಮನ ಪ್ರಕಾರ ಉಂಡಿ ಜೋಕಾಲಿ ಎಲ್ಲ ಮಕ್ಕಳಾಟ. ಹಬ್ಬವೆಂದರೆ ಹಾಲು ಹಾಕುವುದು. ಬೇವಿನ ಮರದ ಬುಡದ ನಾಗಪ್ಪನ ಕಟ್ಟೆಗೆ ಹೋಗಿ, ಮನೆಯಲ್ಲಿ ಬದುಕಿರುವ ಒಬ್ಬೊಬ್ಬರ ಹೆಸರು ಹಿಡಿದು, ಇದು ಅವರ ಪಾಲು, ಇದು ಇವರ ಪಾಲು ಎಂದು ಕಲ್ಲಿನ ಮೇಲೆ ಹಾಲು ಬಿಡಬೇಕು. ಸತ್ತವರ ಲೆಕ್ಕ ಬೇರೆ. ಅವರಿಗೆ ಮಹಾನವಮಿ ಅಮಾವಾಸ್ಯೆ ಇದೆ. ಆವತ್ತು ಹೊಸ ಬಟ್ಟೆ ಇಟ್ಟು, ಅವರಿಗೆ ಸೇರುತ್ತಿದ್ದ ಅಡುಗೆ ಮಾಡಿ ಎಡೆ ಹಿಡಿಯುತ್ತಾರೆ. ಮನೆಯ ಮನುಷ್ಯ ಪಂಚಮಿಯ ಹಾಲಿನಲ್ಲಿರಬೇಕು, ಇಲ್ಲವೇ ಅಮಾವಾಸ್ಯೆಯ ಎಡೆಯಲ್ಲಿರಬೇಕು. ಎರಡೂ ಕಡೆ ಇರಲು ಬರುವುದಿಲ್ಲ.

ಹಾಲು ಹಾಕುವುದಕ್ಕೆ ಅವಳ ಮನೆಯಲ್ಲಿ ಇನ್ನೆರಡು ಕಟ್ಟಳೆಗಳಿದ್ದವು. ತನ್ನ ಪಾಲನ್ನು ತಾನೇ ಹಾಕಿಕೊಳ್ಳಬಾರದು, ಮನೆಯ ಇನ್ನೊಬ್ಬರು ಹಾಕಬೇಕು. ಒಬ್ಬರ ಪಾಲನ್ನು ಎರಡು ಸಲ ಹಾಕಬಾರದು, ಹಾಕಿದರೆ ಇನ್ನೊಬ್ಬರ ಪಾಲು ಕಸಿದ ಹಾಗೆ. ಹೊಳಿಯಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ತಾಯಿ ಮಗನ ಪಾಲು ಹಾಕುವಳು, ಮಗ ತಾಯಿಯ ಪಾಲು ಹಾಕುವನು. ಗೌತಮ ಮೀಸೆ ಬಂದ ಮೇಲೂ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಯಾರು ನಕ್ಕರೂ ಲೆಕ್ಕಿಸದೆ, "ನಮ್ಮವ್ವನ ಪಾಲು" ಎಂದು ಕಟ್ಟೆಗೆಲ್ಲ ಕೇಳುವಂತೆ ಹೇಳಿ ಹಾಲು ಬಿಡುತ್ತಿದ್ದ. ಫಕೀರಮ್ಮನ ಒರಟು ಮುಖ ವರ್ಷಕ್ಕೊಮ್ಮೆ ಅರಳುತ್ತಿದ್ದುದು ಆಗಲೇ.

ಪಕ್ಕದ ಮನೆಯ ಜೋಹರಾಬಿಯ ಮಗ ಯಮನೂರಸಾಬ ಕರಾವಳಿಯ ಬಂದರಿನಲ್ಲಿ ಮೀನಿನ ಬೋಟಿಗೆ ದುಡಿಯಲು ಹೋಗುತ್ತಿದ್ದ. ಅವನ ಬೆನ್ನು ಹತ್ತಿ ಗೌತಮನೂ ಹೋದ. ಕೆರೆಯಲ್ಲಿ ಎಮ್ಮೆ ತೊಳೆದದ್ದು ಬಿಟ್ಟರೆ ಅವನಿಗೆ ನೀರು ಗೊತ್ತಿರಲಿಲ್ಲ. ಮೊದಲು ವಾಂತಿ ಮಾಡಿಕೊಂಡ, ಆಮೇಲೆ ಒಗ್ಗಿಕೊಂಡ. ಮಳೆಗಾಲದಲ್ಲಿ ಬೋಟು ನಿಲ್ಲುತ್ತವೆ. ಆಗ ಇಬ್ಬರೂ ಊರಿಗೆ ಬರುತ್ತಿದ್ದರು. ಪಂಚಮಿ ಉಂಡು, ಡಬ್ಬಿಗೆ ಉಂಡಿ ತುಂಬಿಸಿಕೊಂಡು ಮತ್ತೆ ಹೋಗುತ್ತಿದ್ದರು. ಒಂದು ಬೇಸಿಗೆ ಗೌತಮನಿಗೆ ಕುಷ್ಟಗಿ ಕಡೆಯ ಹುಡುಗಿ ವಿಜಯಲಕ್ಷ್ಮಿಯನ್ನು ತಂದುಕೊಂಡರು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಅತ್ತೆ ಕೂಗಾಡಿದರೆ ಮಿಕಿಮಿಕಿ ನೋಡುವಳೇ ಹೊರತು ಎದುರಾಡುತ್ತಿರಲಿಲ್ಲ. ಗಂಡ ಕರೆದಂತೆ ಎಲ್ಲರೂ ಅವಳನ್ನು ವಿಜಿ ಎಂದೇ ಕರೆದರು.

ಆಮೇಲೆ ಎರಡು ಶ್ರಾವಣ ಬಂದ ವರ್ಷ ಬಂತು. ಚಂದ್ರನ ತಿಂಗಳುಗಳು ಸೂರ್ಯನ ವರ್ಷಕ್ಕೆ ಹೊಂದದೆ ಹಿಂದೆ ಬಿದ್ದಾಗ ಒಂದು ತಿಂಗಳನ್ನು ಎರಡು ಸಲ ಎಣಿಸುತ್ತಾರಲ್ಲ, ಆ ಸಲ ಹಾಗೆ ಎಣಿಸಿಕೊಂಡದ್ದು ಶ್ರಾವಣ. ಮೊದಲನೆಯದು ಅಧಿಕ, ಅದರಲ್ಲಿ ಹಬ್ಬವಿಲ್ಲ. ಹಬ್ಬವೆಲ್ಲ ಎರಡನೆಯ ಶ್ರಾವಣಕ್ಕೆ ಸರಿದವು. ಬೋಟಿನವರಿಗೆ ಅಧಿಕವೇನು, ನಿಜವೇನು? ಮಾಮೂಲಿನಂತೆ ಬಂದುಬಿಡಿ ಎಂದು ಫೋನು ಬಂತು. ಹೊರಡುವ ಮೊದಲು, ಅಧಿಕ ಶ್ರಾವಣದ ಪಂಚಮಿಯ ದಿನ ಗೌತಮ ಚಂಬಿನಲ್ಲಿ ಹಾಲು ಹಿಡಿದು ತಾಯಿಯ ಮುಂದೆ ನಿಂತ.

"ಯವ್ವಾ, ಈಗೂ ಶ್ರಾವಣನ, ಇವತ್ತೂ ಪಂಚಮಿನ. ನಾ ಇರೂಮುಂದ ಹಾಲು ಹಾಕಿಬಿಡೂಣು ಬಾ. ಬರೂ ತಿಂಗಳು ನಾ ನೀರಾಗ ಇರತೀನಿ."

"ಅಧಿಕದಾಗ ಯಾರರ ಹಬ್ಬ ಮಾಡ್ತಾರೇನಲೇ?" ಫಕೀರಮ್ಮ ಸಿಡಿದಳು. "ಇದು ದೇವರ ಲೆಕ್ಕಕ್ಕ ಇಲ್ಲದ ತಿಂಗಳು. ಹಾಕಿದ್ರ ಮಣ್ಣಿಗೆ ಹೋಗತೈತಿ, ನಾಗಪ್ಪಗ ಮುಟ್ಟಂಗಿಲ್ಲ."

"ಒಂದೀಟು ಹಾಲು ಅತ್ತಿ. ಅವ್ರ ಮನಸಿಗೆ ಸಮಾಧಾನ ಆಕ್ಕೈತಿ," ಎಂದು ವಿಜಿ ಮೆಲ್ಲಗೆ ಅಂದಳು.

"ನೀ ಸುಮ್ಮನಿರು. ನಿಮ್ಮ ಸಮಾಧಾನಕ್ಕ ಪಂಚಮಿ ಹಿಂದ ಮುಂದ ಆಗಂಗಿಲ್ಲ."

ಗೌತಮ ನಕ್ಕು ಹಾಲನ್ನು ಒಳಗೆ ಒಯ್ದ. ಆ ಹಾಲಿನಲ್ಲೇ ವಿಜಿ ಎಲ್ಲರಿಗೂ ಚಹಾ ಮಾಡಿದಳು. ಕೆಲವು ದಿನ ಕಳೆದು ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ಹತ್ತಿದಾಗ ಫಕೀರಮ್ಮ ಕಿಟಕಿಯ ಕೆಳಗೆ ನಿಂತು ಹೇಳಿದ್ದು ಒಂದೇ ಮಾತು: "ಪಂಚಮಿ ದಿನ ಮರೀಬ್ಯಾಡ, ಅಲ್ಲೇ ಹಾಲು ಹಾಕು." ಅವನು ತಲೆಯಾಡಿಸಿದ.

ನಿಜವಾದ ಪಂಚಮಿ ಬಂತು. ಅತ್ತೆ ಸೊಸೆ ಕಟ್ಟೆಗೆ ಹೋದರು. ಫಕೀರಮ್ಮ ಸೊಸೆಯ ಪಾಲು ಹಾಕಿದಳು, ವಿಜಿ ಅತ್ತೆಯ ಪಾಲು ಹಾಕಿದಳು. ಆಮೇಲೆ ವಿಜಿ ನಾಚುತ್ತ ಗಂಡನ ಪಾಲು ಹಾಕಲು ಚಂಬು ಬಗ್ಗಿಸಿದಾಗ ಫಕೀರಮ್ಮ ಅವಳ ಮಣಿಕಟ್ಟು ಹಿಡಿದಳು. "ಬ್ಯಾಡ. ಅವಂದು ಅವ ಅಲ್ಲೇ ಹಾಕ್ಕೊಂತಾನ, ನಾ ಹೇಳಿ ಕಳಿಸೀನಿ. ಪರಸ್ಥಳದಾಗ ಇದ್ದಾವ್ಗ ಯಾರದಾರ, ತನ್ನ ಪಾಲು ತಾನ ಹಾಕ್ಕೋಬೇಕು. ನಾವೂ ಹಾಕಿದ್ರ ಎರಡು ಸಲ ಆಕ್ಕೈತಿ." ವಿಜಿ ಚಂಬನ್ನು ನೆಟ್ಟಗೆ ಮಾಡಿದಳು. ಉಳಿದ ಹಾಲನ್ನು ಮನೆಗೆ ತಂದರು.

ಗಣಪತಿ ಕೂರುವುದಕ್ಕೆ ಮೊದಲೇ ಸುದ್ದಿ ಬಂತು. ಗಾಳಿಗೆ ಸಿಕ್ಕು ಬೋಟು ಮುಳುಗಿದೆ. ಕೆಲವರ ಹೆಣ ದಂಡೆಗೆ ಬಂದವು. ಯಮನೂರಸಾಬನನ್ನು ಬೇರೆ ಬೋಟಿನವರು ಎತ್ತಿಕೊಂಡಿದ್ದರು. ಗೌತಮ ಬದುಕಿದವರಲ್ಲೂ ಸಿಗಲಿಲ್ಲ, ಸತ್ತವರಲ್ಲೂ ಸಿಗಲಿಲ್ಲ.

"ಹೆಣ ಸಿಗಲಿಲ್ಲ ಅಂದ್ರ ಅವ ಸತ್ತಿಲ್ಲ," ಎಂದು ಫಕೀರಮ್ಮ ತೀರ್ಮಾನ ಕೊಟ್ಟಳು. ಸಮುದ್ರಕ್ಕೆ ಆಚೆ ದಂಡೆಯೂ ಇರುತ್ತದೆ, ಅಲ್ಲಿ ಎಲ್ಲೋ ಹತ್ತಿದ್ದಾನೆ, ದಾರಿ ತಿಳಿಯದೆ ಕುಂತಿದ್ದಾನೆ. ಸಮಾಧಾನ ಹೇಳಲು ಬಂದವರು ಎದ್ದು ಹೋದರು. ಯಮನೂರಸಾಬ ಊರಿಗೆ ಬಂದ ದಿನ ಅವಳು ಅವನ ಮನೆಗೆ ಕಾಲಿಡಲಿಲ್ಲ. ಏನು ಕಂಡೆ ಎಂದು ಕೇಳಲೂ ಇಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬದಲಿಗೆ ಜೋಹರಾಬಿಯ ಮುಂದೆ ನಿಂತು, "ನಿನ್ನ ಮಗ ಬಂದ. ನನ್ನ ಮಗನ್ನ ಅಲ್ಲೇ ಬಿಟ್ಟು ಬಂದ" ಎಂದು ಅಂದುಬಿಟ್ಟಳು. ಅಂದಿನಿಂದ ಆ ಎರಡು ಮನೆಗಳ ನಡುವೆ ಮಾತು ನಿಂತಿತು. ಯಮನೂರಸಾಬ ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಊರಲ್ಲೇ ಟ್ರ್ಯಾಕ್ಟರ್ ಹೊಡೆಯುತ್ತ, ಫಕೀರಮ್ಮ ಎದುರಾದರೆ ದಾರಿ ಬದಲಿಸುತ್ತಿದ್ದ.

ಆ ಮೇಲೆ ಬಂದ ಪಂಚಮಿಗಳಲ್ಲಿ ಅವಳು ಮೊದಲು ಹಾಕಿದ್ದೇ ಮಗನ ಪಾಲು. ಅದೂ ಕೇರಿಗೆಲ್ಲ ಕೇಳುವಂತೆ. ಮಹಾನವಮಿ ಅಮಾವಾಸ್ಯೆಗೆ ಹೊಳಿಯಪ್ಪನದೊಂದೇ ಎಡೆ. ಅದರ ಪಕ್ಕದಲ್ಲಿ ಇನ್ನೊಂದು ಎಲೆ ಹಾಕು ಎನ್ನುವ ಧೈರ್ಯ ಯಾರಿಗಿತ್ತು? ಜೊತೆಗೆ ಉಪವಾಸಗಳು ಹೆಚ್ಚಿದವು. ಸೋಮವಾರ ಮೊದಲೇ ಇತ್ತು. ಶನಿವಾರ ಸೇರಿತು, ಏಕಾದಶಿ ಸೇರಿತು, ಸಂಕಷ್ಟಿ ಸೇರಿತು. ತಾನು ಇದ್ದದ್ದಲ್ಲದೆ ಸೊಸೆಯನ್ನೂ ಇರಿಸಿದಳು. "ಹೆಂಡತಿ ಹಸಿವು ಗಂಡನ್ನ ಎಳಕೊಂಡ ಬರತೈತಿ" ಎಂದಳು. ವಿಜಿ ಇದ್ದಳು. ಕೆನ್ನೆ ಒಳಗೆ ಹೋದವು, ಬಳೆಗಳು ಮೊಣಕೈಗೆ ಜಾರತೊಡಗಿದವು. ಕುಂಕುಮ ಮಾತ್ರ ಅತ್ತೆ ದಿನವೂ ತಾನೇ ನೋಡಿ ಹಚ್ಚಿಸುತ್ತಿದ್ದಳು, ಅದು ಸಣ್ಣದಾದರೂ ಬೈಯುತ್ತಿದ್ದಳು. ಆ ಹುಡುಗಿ ರಾತ್ರಿ ಮಗ್ಗುಲು ಬದಲಿಸುತ್ತ ಏನು ಯೋಚಿಸುತ್ತಾಳೆ ಎಂದು ಫಕೀರಮ್ಮ ಒಮ್ಮೆಯೂ ಕೇಳಲಿಲ್ಲ. ದುಃಖವೆಲ್ಲ ತನ್ನೊಬ್ಬಳದೇ ಎಂಬಂತೆ ಇದ್ದಳು. ಇದೂ ಒಂದು ಬಗೆಯ ಸೊಕ್ಕೇ.

ಈ ವರ್ಷದ ಪಂಚಮಿಗೆ ವಿಜಿಯ ಅಣ್ಣ ದುರುಗಪ್ಪ ಕರೆಯಲು ಬಂದ. ಪ್ರತಿವರ್ಷವೂ ಬಂದು, ಉಂಡಿ ಕೊಟ್ಟು, ಕಳಿಸುವುದಿಲ್ಲ ಎನಿಸಿಕೊಂಡು ಬರಿಗೈಯಲ್ಲಿ ತಿರುಗಿ ಹೋಗುತ್ತಿದ್ದವನು ಈ ಸಲ ಚಾಪೆಯ ಮೇಲೆ ಗಟ್ಟಿಯಾಗಿ ಕುಳಿತ.

"ಅತ್ತೀ, ಸಿಟ್ಟ ಮಾಡಬ್ಯಾಡ್ರಿ. ಹನುಮನಹಳ್ಳ್ಯಾಗ ಕನಕಪ್ಪ ಅಂತ ಒಬ್ಬಾವ ಅದಾನ್ರಿ. ಅಲ್ಲಿ ಬೆಟ್ಟದ ಗುಡಿಗೆ ಬರೂ ಮಂದಿಗೆ ಟೆಂಗಿನಕಾಯಿ, ಚಾ ಮಾರತಾನ. ಹೆಂಡ್ತಿ ತೀರಿಕೊಂಡಾಳ. ನಮ್ಮ ವಿಜಿನ್ನ ಉಡಕಿ ಮಾಡ್ಕೊಂತೀನಿ ಅಂತ ಕೇಳ್ಯಾನ. ಛಲೋ ಮನಷ್ಯಾ."

ಉಡಕಿ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆ ತುಂಬಿಸುವುದು. ಗಂಡ ಸತ್ತವಳಿಗೆ. ಫಕೀರಮ್ಮನ ಕಿವಿಗೆ ಬಿದ್ದದ್ದು ಅದೊಂದೇ.

"ಅವ್ರ ಕಡಿ ಹಿರ್ಯಾರು, ದೈವದವ್ರು, ಒಂದ ಮಾತು ಅಂತಾರ್ರಿ," ದುರುಗಪ್ಪ ತಲೆ ತಗ್ಗಿಸಿಕೊಂಡೇ ಮುಂದುವರಿಸಿದ. "ಆ ಮನ್ಯಾಗ ಆಕಿ ಗಂಡಗ ಇನ್ನೂ ಪಂಚಮಿ ಹಾಲು ಹಾಕ್ತಾರ, ಅಮಾಸಿಗೆ ಎಡಿ ಹಿಡಿದಿಲ್ಲ. ಎಡಿ ಹಿಡಿಲಾರದ ಆಕಿನ್ನ ಹೆಂಗ ಮನಿ ತುಂಬಿಸಿಕೊಳ್ಳೂದು ಅಂತ. ಒಂದು ಎಡಿ ಹಿಡೀರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನನ್ನ ಮಗನ್ನ ನನ್ನ ಕೈಲೇ ಸಾಯ್ಸು ಅಂತಿಯೇನೋ?" ಫಕೀರಮ್ಮ ಅವನ ಉಂಡಿಯ ಡಬ್ಬಿಯನ್ನು ಅಂಗಳಕ್ಕೆ ಎಸೆದಳು. ಉಂಡಿಗಳು ಉರುಳಿದವು. ದುರುಗಪ್ಪ ಎದ್ದು ಹೋದ. ವಿಜಿ ಅಂಗಳದಲ್ಲಿ ಕುಳಿತು ಉಂಡಿಗಳನ್ನು ಒಂದೊಂದಾಗಿ ಆರಿಸಿ, ಮಣ್ಣು ಊದಿ ಡಬ್ಬಿಗೆ ಹಾಕಿದಳು. ಅವಳಿಗೆ ಮನಸ್ಸಿತ್ತೇ? ಇತ್ತು. ಯಾಕಿರಬಾರದು? ಗಂಡನ ನೆನಪಿಗೆ ಅತ್ತು ಅತ್ತು ಕಣ್ಣು ಒಣಗಿಸಿಕೊಂಡವಳು, ಇನ್ನೂ ಮೂವತ್ತು ತುಂಬದವಳು. ಆದರೆ ಬಾಯಿ ಬಿಟ್ಟು ಹೇಳುವ ಹೆಣ್ಣಲ್ಲ.

ಅದೇ ಶ್ರಾವಣದ ಒಂದು ಸೋಮವಾರ ಗದ್ದೆಯಲ್ಲಿ ನಾಟಿ ನಡೆದಿತ್ತು. ಶನಿವಾರದ ಒಪ್ಪತ್ತು, ಭಾನುವಾರ ಜ್ವರ ಬಂದು ಏನೂ ಸೇರದ ಬಾಯಿ, ಸೋಮವಾರ ಮತ್ತೆ ಉಪವಾಸ. ಸಸಿಯ ಕಟ್ಟು ಹಿಡಿದಿದ್ದ ವಿಜಿ ಸದ್ದಿಲ್ಲದೆ ಮುಖ ಅಡಿಯಾಗಿ ಕೆಸರಿಗೆ ಬಿದ್ದಳು. ಮೊದಲು ಕಂಡವಳು ಅದೇ ಸಾಲಿನಲ್ಲಿದ್ದ ಜೋಹರಾಬಿ. ಎತ್ತಿ, ಮೂಗು ಬಾಯಿಯ ಕೆಸರು ತೆಗೆದು, ಬದುವಿಗೆ ತಂದು ಮಲಗಿಸಿದಳು. ತನ್ನ ಬುತ್ತಿಯ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಸಲು ಹೋದಾಗ ಕಣ್ಣು ತೆರೆದ ವಿಜಿ ತುಟಿ ಬಿಗಿಹಿಡಿದಳು. "ಸ್ವಾಮಾರ," ಎಂದಳು. ಅತ್ತೆಯ ಕಡೆ ಅಂಜಿಕೆಯಿಂದ ನೋಡಿದಳು.

ಜೋಹರಾಬಿ ಇಷ್ಟು ವರ್ಷಗಳ ಮೌನ ಮುರಿದಳು.

"ಫಕೀರವ್ವಾ, ನಾವೂ ರೋಜಾ ಹಿಡೀತೀವಿ. ಜಡ್ಡು ಬಿದ್ದಾಕಿಗೆ ಬ್ಯಾಡ ಅಂತಾನ ನಮ್ಮ ದೇವರು. ನಿಮ್ಮ ದೇವ್ರು ಏನಂತಾನೋ ನನಗ ಗೊತ್ತಿಲ್ಲ, ಈ ಹುಡಿಗಿ ಮಾತ್ರ ನಿನ್ನ ಮಾರಿ ನೋಡಿ ಬಾಯಿ ಮುಚ್ಚಿಕೊಂಡಾಳ. ಒಬ್ಬ ನೀರಾಗ ಹೋದ. ಈಕೀನೂ ಕೆಸರಾಗ ಹೋಗಬೇಕೇನು?"

ಬೇರೆ ದಿನವಾಗಿದ್ದರೆ ಫಕೀರಮ್ಮ ಅಂಥ ಮಾತಿಗೆ ಕೂದಲು ಹಿಡಿದು ಜಗಳಾಡುತ್ತಿದ್ದಳು. ಈ ಸಲ ಸೊಸೆಯ ಕೈ ನೋಡುತ್ತ ನಿಂತಳು. ಕೆಸರು ಮೆತ್ತಿದ ಆ ಕೈಯಲ್ಲಿ ಸಸಿಯ ಕಟ್ಟು ಇನ್ನೂ ಹಾಗೇ ಇತ್ತು, ಬಿದ್ದರೂ ಬಿಟ್ಟಿರಲಿಲ್ಲ. ಅವಳು ಬದುವಿನ ಮೇಲೆ ಕುಕ್ಕರಿಸಿ, ಜೋಹರಾಬಿಯ ಕೈಯಿಂದ ಬಟ್ಟಲು ತೆಗೆದುಕೊಂಡು, "ಕುಡಿಯವ್ವಾ. ನಾ ಹೇಳ್ತೀನಿ, ಕುಡಿ" ಎಂದಳು. ವಿಜಿ ಗಟಗಟನೆ ಕುಡಿದಳು. ಎಷ್ಟೋ ದಿನದ ಹಸಿವು ಅದರಲ್ಲಿತ್ತು. ಅದನ್ನು ಕಂಡು ಫಕೀರಮ್ಮನಿಗೆ ನಾಚಿಕೆಯಾಯಿತು.

"ಜೋಹ್ರಾ," ಎಂದಳು ಆಮೇಲೆ. "ಯಮನೂರ ಮನ್ಯಾಗ ಅದಾನೇನು? ಅವನ್ನ ಒಂದ ಮಾತು ಕೇಳಬೇಕು."

ಅಂದು ಸಂಜೆ ಅವಳು ಪಕ್ಕದ ಮನೆಯ ಹೊಸ್ತಿಲು ದಾಟಿದಳು. ಯಮನೂರಸಾಬ ಎದ್ದು ನಿಂತ, ಕುಳಿತುಕೊಳ್ಳಲು ಅವನಿಗೆ ತೋಚಲಿಲ್ಲ.

"ನೀ ಕಣ್ಣಾರೆ ನೋಡೀಯೇನಪಾ? ಬದುಕಿದ್ದಾವ್ಗ ಎಡಿ ಹಿಡಿದ ಪಾಪ ನನಗ ಬ್ಯಾಡ. ಅದಕ ಕೇಳಾಕತ್ತೀನಿ."

"ನೋಡೀನಿ ದೊಡ್ಡವ್ವ. ಬೋಟು ಮಗ್ಗಲಾದ ಮ್ಯಾಲ ಇಬ್ರೂ ಒಂದ ಪ್ಲಾಸ್ಟಿಕ್ ಕ್ಯಾನು ಹಿಡಕೊಂಡಿದ್ವಿ. ಭಾಳ ಹೊತ್ತು ಹಿಡದ್ವಿ. ಅವನ ಕೈ ಸೋತು. ನಾ ಅಂಗಿ ಹಿಡದೆ, ಅಂಗಿ ಹರೀತು. ನನ್ನ ಮುಂದನ ಮುಳುಗಿದ. ಮತ್ತ ಮ್ಯಾಲ ಬರಲಿಲ್ಲ." ಅವನು ತನ್ನ ಅಂಗೈಯನ್ನು ನೋಡಿಕೊಂಡ. "ನಾ ಬಿಟ್ಟು ಬರಲಿಲ್ಲ ದೊಡ್ಡವ್ವ."

"ಗೊತ್ತೈತಿ," ಎಂದಳು ಫಕೀರಮ್ಮ. "ಅವತ್ತ ಗೊತ್ತಿತ್ತು. ನನ್ನ ಬಾಯಿ ಸುಡಲಿ."

ಜೋಹರಾಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಚಹಾಕ್ಕೆ ಇಟ್ಟಳು. ಆ ಹಾಲಿನ ವಾಸನೆಗೋ ಏನೋ ಯಮನೂರಸಾಬನಿಗೆ ಒಂದು ನೆನಪು ಬಂತು. ಈ ಮುದುಕಿಗೆ ಸಮಾಧಾನವಾಗುವಂಥದ್ದು ತನ್ನ ಹತ್ತಿರ ಇದೊಂದಾದರೂ ಇದೆ ಎಂದು ಅವನು ಉತ್ಸಾಹದಿಂದಲೇ ಹೇಳಿದ.

"ಪಂಚಮಿ ದಿನ ನಾವು ನೀರಾಗ ಇದ್ವಿ. ಚಾಕ್ಕಂತ ಇಟ್ಟಿದ್ದ ಹಾಲಿನ ಪಾಕೀಟು ಇತ್ತಲ್ಲ, ಅಡಿಗಿಯಾವ ಬೈದ್ರೂ ಕೇಳಲಿಲ್ಲ ಗೌತಮ. ಮೂಲಿ ಹರದು ಸಮುದ್ರಕ್ಕ ಹಾಕಾಕತ್ತಿದ. ಅವ್ವನ ಪಾಲು, ವಿಜಿ ಪಾಲು, ಯಮನೂರನ ಪಾಲು, ಹಿಂಗ ಬೋಟಿನ್ಯಾಗ ಇದ್ದವ್ರದೆಲ್ಲ ಹೆಸರ ಹಿಡದು ಹಾಕ್ದ. ನಂದೂ ಹಾಕ್ದ ನೋಡು ದೊಡ್ಡವ್ವ! ಲೇ, ನಿಂದೆಲ್ಲೋ ಅಂದೆ ನಾ. ನಂದು ಊರಾಗ ನಮ್ಮವ್ವ ಹಾಕಿರ್ತಾಳ, ತನ್ನ ಪಾಲು ತಾ ಹಾಕ್ಕೋಬಾರದು, ಎರಡು ಸಲನೂ ಹಾಕಬಾರದು ಅಂತಂದ. ಉಳದ ಹಾಲಾಗ ಚಾ ಮಾಡ್ಕೊಂಡು ಕುಡದ್ವಿ."

ಫಕೀರಮ್ಮ ಚಹಾ ಕುಡಿಯಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಮನೆಗೆ ಬಂದು, ಒಲೆಯ ಮುಂದೆ ಕುಳಿತಳು. ಮಗ ಅವಳು ಕಲಿಸಿದ್ದನ್ನೇ ಮಾಡಿದ್ದ, ತನ್ನ ಪಾಲಿನ ಮಟ್ಟಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳ ಪಾಲು ಆ ವರ್ಷ ಎರಡು ಸಲ ಬಿದ್ದಿತ್ತು, ಕಟ್ಟೆಯಲ್ಲೊಮ್ಮೆ, ಸಮುದ್ರದಲ್ಲೊಮ್ಮೆ. ವಿಜಿಯದೂ ಎರಡು ಸಲ. ಅವನದು ಒಂದು ಸಲವೂ ಬಿದ್ದಿರಲಿಲ್ಲ. ಹಾಕಲು ಹೋದ ಹೆಂಡತಿಯ ಕೈಯನ್ನು ಹಿಡಿದವಳು ಅವಳೇ. ಅಧಿಕದಲ್ಲಿ ಅವನೇ ತಂದ ಚಂಬನ್ನು ತಿರುಗಿಸಿ ಕಳಿಸಿದವಳೂ ಅವಳೇ. ಹಾಲು ಹಾಕಿದ್ದರೆ ಬೋಟು ಮುಳುಗುತ್ತಿರಲಿಲ್ಲವೇ ಎಂದು ನೀವು ನಾವು ಕೇಳಬಹುದು. ಫಕೀರಮ್ಮ ಕೇಳಿಕೊಳ್ಳುವ ಪ್ರಶ್ನೆ ಅದಲ್ಲ. ಜೀವಮಾನವೆಲ್ಲ ದಿನ ತಿಥಿ ಕಾಯ್ದವಳು ಮಗನ ಪಾಲನ್ನೇ ಕಾಯಲಿಲ್ಲ ಎಂಬುದಷ್ಟೇ ಅವಳ ಎದೆಯಲ್ಲಿ ಕುಳಿತದ್ದು. ಅವಳು ಅಳಲಿಲ್ಲ. ವಿಜಿಯನ್ನು ಕರೆದು ತಟ್ಟೆ ಹಾಕಿಸಿ, ಎದುರಿಗೆ ಕುಳಿತು ಉಣ್ಣಿಸಿದಳು.

ಮರುದಿನ ಹೇಳಿದಳು: "ನಿಮ್ಮಣ್ಣಗ ಫೋನ್ ಹಚ್ಚು. ಮಾನೌಮಿ ಅಮಾಸಿಗೆ ಬಾ ಅನ್ನು. ಉಂಡಿ ಚೆಲ್ಲಿದ್ದು ತಪ್ಪಾತು ಅಂತನೂ ಹೇಳು."

ವಿಜಿಗೆ ಅರ್ಥವಾಯಿತು. ಮನಸ್ಸಿನಲ್ಲಿ ಬಯಸಿದ್ದೇ ಕೈಗೆ ಬಂದಾಗ ಅವಳಿಗೆ ಅದು ಬೇಡವೆನ್ನಿಸಿತು. ಅತ್ತೆಯ ಮಡಿಲಲ್ಲಿ ಮುಖವಿಟ್ಟು, "ನಾ ಎಲ್ಲೂ ಹೋಗಂಗಿಲ್ಲ ಅತ್ತಿ, ನಿಮ್ಮನ್ನ ಯಾರು ನೋಡ್ತಾರ?" ಎಂದು ಬಿಕ್ಕಿದಳು.

"ಪಂಚಮಿಗೆ ಬಾ. ನಾನ ಹನುಮನಹಳ್ಳಿತನಕ ಬಸ್ಸ ಹತ್ತಿ ಬಂದು ಕರಕೊಂಡ ಬರತೀನಿ. ತವರಮನಿ ಇದ ಅಂತ ತಿಳಕೋ." ಅವಳ ಕಣ್ಣೊರೆಸಿ ಸೇರಿಸಿದಳು: "ಇನ್ನ ಮ್ಯಾಲ ಸ್ವಾಮಾರ ಗೀಮಾರ ಏನೂ ಬ್ಯಾಡ ನಿನಗ."

ಅಮಾವಾಸ್ಯೆ ಹತ್ತಿರ ಬಂದಾಗ ಅವಳು ಗಂಗಾವತಿಗೆ ಹೋಗಿ ಬಟ್ಟೆ ತಂದಳು. ಗಂಡನ ಪಾಲಿನ ಧೋತರ ಸರಿ, ವರ್ಷವೂ ತರುವಂಥದ್ದೇ. ಮಗನ ಅಂಗಿಯನ್ನು ಕೇಳಿದಾಗ ಅಂಗಡಿಯವನು, "ಹುಡುಗಗ ವಯಸ್ಸೆಷ್ಟವ್ವ?" ಎಂದ. ಅವನು ಬಸ್ಸು ಹತ್ತಿದ ವರ್ಷದ ವಯಸ್ಸನ್ನೇ ಹೇಳಿದಳು. ನೀಲಿ ಚೌಕಳಿಯ ಅಂಗಿ ಕೊಟ್ಟ. ಸಾಲದಿದ್ದರೆ ಬದಲಿಸಿಕೊಡುತ್ತೇನೆ, ಹಾಕಿ ನೋಡಿಸಿ ಎಂದ. ಆಗಲಿ ಎಂದು ಅವಳು ಚೀಲದಲ್ಲಿಟ್ಟುಕೊಂಡಳು.

ಅಮಾವಾಸ್ಯೆಯ ದಿನ ದುರುಗಪ್ಪ ಬಂದ, ಓಣಿಯ ಹಿರಿಯರು ಬಂದರು, ಜೋಹರಾಬಿ ಮಗನನ್ನು ಕರೆದುಕೊಂಡು ಬಂದು ಬಾಗಿಲ ಬಳಿ ನಿಂತಳು. ಫಕೀರಮ್ಮ ಹೊಳಿಯಪ್ಪನ ಎಲೆಯ ಪಕ್ಕಕ್ಕೆ ಇನ್ನೊಂದು ಎಲೆ ಹಾಸಿದಳು. ಹೋಳಿಗೆ ಕಡಬಿನ ಜೊತೆಗೆ ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಪುಂಡಿ ಪಲ್ಯ ಕಂಡರೆ ಗೌತಮ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಅಂಗಿಯ ಮಡಿಕೆ ಬಿಡಿಸಿ ಎಲೆಯ ಮುಂದೆ ಇಟ್ಟಳು. ಧೂಪ ಹಾಕಿ ಹೆಸರು ಹಿಡಿದು ಕರೆಯಬೇಕು. ಹೊಳಿಯಪ್ಪನ ಹೆಸರು ಸಲೀಸಾಗಿ ಬಂತು. ಮಗನ ಹೆಸರಿಗೆ ಬಾಯಿ ತೆರೆದು ಹಾಗೇ ನಿಂತಳು. ಕೊನೆಗೆ, "ಉಣ್ಣಾಕ ಬಾ ಗೌತಮಾ" ಎಂದಳು, ಸಾಲಿ ಬಿಟ್ಟು ಬಂದ ಹುಡುಗನನ್ನು ಕರೆಯುವ ಹಾಗೆ. ಹೆಂಗಸರು ಗೊಳೋ ಎಂದು ಅತ್ತರು. ಒಬ್ಬ ಮುದುಕಿ ವಿಜಿಯ ಬಳೆಯ ಮೇಲೆ ಕೈಯಿಟ್ಟಾಗ ಫಕೀರಮ್ಮ ತಿರುಗಿ ನೋಡಿ, "ಬಳಿಗೆ ಕೈ ಹಚ್ಚಬ್ಯಾಡ್ರಿ. ಮಗಳನ್ನ ಬರಿಗೈಲೆ ಕಳಸೂದಿಲ್ಲ ನಾ" ಎಂದಳು. ಮುದುಕಿ ಕೈ ತೆಗೆದಳು. ಸತ್ತವರ ಎಡೆಗಿಟ್ಟ ಬಟ್ಟೆಯನ್ನು ಮನೆಯ ಗಂಡಸು ಉಡಬೇಕು. ಅವಳು ಅಂಗಿಯನ್ನು ಯಮನೂರಸಾಬನ ಕೈಗೆ ಕೊಟ್ಟಳು. ಅವನು ಅದನ್ನು ಎದೆಗೆ ಅವಚಿಕೊಂಡು ಹೊರಗೆ ಹೋಗಿ ನಿಂತ.

ಎಲ್ಲರೂ ಉಂಡು ಎದ್ದ ಮೇಲೆ ಫಕೀರಮ್ಮ ಚಂಬಿನಲ್ಲಿ ಹಾಲು ತುಂಬಿಕೊಂಡು, ವಿಜಿಯನ್ನು ಕರೆದುಕೊಂಡು ನಾಗಪ್ಪನ ಕಟ್ಟೆಯ ಕಡೆ ನಡೆದಳು. ದಾರಿಯಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ಬಾಯಿ ಮೇಲೆ ಕೈಯಿಟ್ಟಳು. "ಅಮಾಸಿ ದಿನ ನಾಗಪ್ಪಗ ಹಾಲೇನಬೇ ಫಕೀರವ್ವಾ? ಪಂಚಮಿ ಆಗಿ ಯಾವ ಕಾಲ ಆತು! ಮುಟ್ಟತೈತೇನು?"

ಬೇರೆ ಯಾರಾದರೂ ಹಾಗೆ ಹಾಲು ಒಯ್ದಿದ್ದರೆ ಇದೇ ಮಾತನ್ನು ಇನ್ನೂ ಜೋರಾಗಿ ಕೇಳುತ್ತಿದ್ದವಳು ಫಕೀರಮ್ಮ. "ಮುಟ್ಟಲಿ ಬಿಡ್ಲಿ, ಆ ವರ್ಷದ್ದು ಒಂದು ಪಾಲು ಹಾಕೂದು ಉಳದೈತಿ ನಂದು," ಎಂದು ಮುಂದೆ ನಡೆದಳು.

ಕಲ್ಲಿನ ಮುಂದೆ ಕುಳಿತು ಅವಳು ಸೊಸೆಗೆ ಎಲ್ಲ ಹೇಳಿದಳು. ಯಮನೂರ ಹೇಳಿದ್ದು, ಹಾಲಿನ ಪಾಕೀಟು, ಸಮುದ್ರ. "ಅವ ನಾ ಹಾಕೀನಿ ಅಂತ ತಿಳಕೊಂಡ. ನಾ ಅವ ಹಾಕ್ಕೊಂಡಾನ ಅಂತ ತಿಳಕೊಂಡೆ. ಅವತ್ತು ನಿನ್ನ ಕೈ ಹಿಡದೆ ನಾನು. ಇವತ್ತು ನೀನೂ ಹಿಡಿ."

ಇಬ್ಬರೂ ಚಂಬಿಗೆ ಕೈ ಕೊಟ್ಟರು. "ಗೌತಮನ ಪಾಲು" ಎಂದಳು ಫಕೀರಮ್ಮ. ಈ ಸಲ ಕೇರಿಗೆ ಕೇಳುವಂತೆ ಅಲ್ಲ. ಹಾಲು ಕಲ್ಲಿನ ಹೆಡೆಯಿಂದ ಇಳಿದು ಬುಡದ ಮಣ್ಣಿಗೆ ಸೇರಿತು. ವಿಜಿ ಮುಖ ತಿರುಗಿಸಿಕೊಂಡು ಅತ್ತಳು. ಎಷ್ಟೋ ಹೊತ್ತಾದ ಮೇಲೆ, ಚಂಬಿನ ತಳದಲ್ಲಿ ಇನ್ನೂ ತುಸು ಹಾಲು ಇರುವುದು ಕಂಡು, ಮೂಗೊರೆಸಿಕೊಂಡು ಕೇಳಿದಳು.

"ಇದು ಉಳದೈತಿ ಅತ್ತಿ. ನಿಮ್ಮ ಪಾಲು ಹಾಕಲೇನು?"

ಫಕೀರಮ್ಮ ಚಂಬನ್ನು ಅವಳಿಂದ ತೆಗೆದುಕೊಂಡು, ಆ ತುಸು ಹಾಲನ್ನೂ ಅದೇ ಜಾಗಕ್ಕೆ ಬಗ್ಗಿಸಿದಳು.

"ಬ್ಯಾಡವ್ವ. ನಂದು ಅವ ಸಮುದ್ರದಾಗ ಹಾಕಿ ಹೋಗ್ಯಾನ. ಸಾಯೂತನಕ ಸಾಕಾಗತೈತಿ ನನಗ," ಎಂದಳು. ಆಮೇಲೆ ಸೊಸೆಯ ಹೆಗಲು ಹಿಡಿದುಕೊಂಡು ಎದ್ದು, ಮನೆಯ ಕಡೆ ಹೆಜ್ಜೆ ಹಾಕಿದಳು.